ದನಿಯ ತೂಕ

ನಮ್ಮ ಮನೆಯ ನಡುಮನೆಯಲ್ಲಿ ಈಗ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ವಾಸವಾಗಿವೆ. ವಾಸವಾಗಿವೆ ಎಂದು ಬೇಕೆಂತಲೇ ಬರೆದೆನು. ಅವು ಬಂದ ದಿನದಿಂದ ಮನೆಯ ಜನಸಂಖ್ಯೆ ಆರರಷ್ಟು ಹೆಚ್ಚಿತೆಂಬುದು ನಮ್ಮ ಮನೆಯಾಕೆಯ ದೂರು. ಟೆಲಿವಿಷನ್ನಿನ ಎಡಬಲಗಳಲ್ಲಿ ದ್ವಾರಪಾಲಕರಂತೆ ಎರಡು. ಅದರ ಕೆಳಗಿನ ಹಲಗೆಯ ಗೂಡಿನಲ್ಲಿ ಅಡ್ಡಲಾಗಿ ಮಲಗಿರುವುದು ಒಂದು. ಹಿಂದಿನ ಗೋಡೆಗಳ ಮೇಲೆ, ದೇವರ ಪಟಗಳ ಎತ್ತರದಲ್ಲಿ, ಮತ್ತೆರಡು. ಮೂಲೆಯಲ್ಲಿ ಅಕ್ಕಿಯ ಡಬ್ಬದ ಗಾತ್ರದ ಸಬ್‌ವೂಫರು. ಇವನ್ನು ಕೊಂಡು ತಂದು, ಗೋಡೆಗೆ ಮೊಳೆ ಹೊಡೆದು, ತಂತಿಯೆಳೆದರೆ ಕೆಲಸ ಮುಗಿಯಿತೆಂದು ತಿಳಿಯುವವರು ಹಲವರು. ಅಂಗಡಿಯಿಂದ ಬಂದ ಹುಡುಗನೂ ಹಾಗೆಯೇ ತಿಳಿದಿದ್ದನೆಂದು ಕಾಣುತ್ತದೆ. ಒಂದು ಚಿತ್ರದ ಯುದ್ಧದ ಭಾಗವನ್ನು ಹಾಕಿ, ಕಪಾಟಿನ ಲೋಟಗಳನ್ನು ಅದುರಿಸಿ, “ಹೇಗಿದೆ ಸಾರ್?” ಎಂದು ಕೇಳಿ, ಕಾಫಿ ಕುಡಿದು ಹೊರಟುಹೋದನು.

ಆದರೆ ಈ ಗೋಷ್ಠಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಗೊತ್ತಾಗಿದೆ. ಪಾತ್ರಗಳ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿನಿಂದಲೇ ಬರತಕ್ಕದ್ದು. ಸಂಗೀತವೂ ಓಡುವ ಬಂಡಿಗಳೂ ಮುಂದಿನ ಎಡಬಲಗಳಿಂದ. ಮಳೆ, ಗಾಳಿ, ಸಂತೆಯ ಗದ್ದಲ, ಕಾಡಿನ ಜೀರುಂಡೆ ಹಿಂದಿನವುಗಳಿಂದ. ಗುಡುಗೂ ಸ್ಫೋಟವೂ ಸಬ್‌ವೂಫರಿನಿಂದ. ಚಿತ್ರದ ದನಿಯನ್ನು ಹದಮಾಡುವವನು ತನ್ನ ಕೊಠಡಿಯ ಸ್ಪೀಕರುಗಳನ್ನೆಲ್ಲ ಮೊದಲು ಗೊತ್ತಾದ ಮಟ್ಟಕ್ಕೆ ತಂದುಕೊಂಡು, ಆಮೇಲೆ ಉಪ್ಪು ಹುಳಿ ಖಾರಗಳನ್ನು ಬೆರೆಸಿರುತ್ತಾನೆ. ನಮ್ಮ ಮನೆಯಲ್ಲಿ ಅವುಗಳ ಮಟ್ಟ ಏರುಪೇರಾಗಿದ್ದರೆ ಅವನು ಮಾಡಿದ ಸಾರು ನಮ್ಮ ಎಲೆಗೆ ಬರುವ ಹೊತ್ತಿಗೆ ಬೇರೆಯೇ ರುಚಿಯಾಗುತ್ತದೆ. ಏರುಪೇರಾಗದೆ ಇರುವುದಂತೂ ಸಾಧ್ಯವಿಲ್ಲ. ಹತ್ತಿರದ್ದು ಜೋರಾಗಿ ಕೇಳುತ್ತದೆ, ದೂರದ್ದು ಮೆಲ್ಲಗೆ. ಬಟ್ಟಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿ 6 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಗೋಡೆಗಳಿರುವ ಕೋಣೆಯಲ್ಲಿ ಮಾರ್ದನಿ ಸೇರಿಕೊಳ್ಳುವುದರಿಂದ ಅಷ್ಟು ಇಳಿಯದು. ನಮ್ಮದು ಕೆಂಪು ಗಾರೆಯ ನೆಲದ ಹಳೆಯ ಮನೆ. ಒಂದು ಕಡೆ ಗಟ್ಟಿಗೋಡೆ, ಇನ್ನೊಂದು ಕಡೆ ಪಡಸಾಲೆಗೆ ತೆರೆದ ಬಾಗಿಲು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅವಳಿ ಸ್ಪೀಕರುಗಳೂ ಇಲ್ಲಿ ಬೇರೆಬೇರೆ ಸ್ವಭಾವದವುಗಳಾದವು.

ಸರಿಪಡಿಸುವ ಉಪಾಯ ಯಂತ್ರದಲ್ಲಿಯೇ ಇದೆ. ರಿಸೀವರು ಒಂದು ಪರೀಕ್ಷೆಯ ಸದ್ದನ್ನು ಒಂದಾದಮೇಲೊಂದು ಸ್ಪೀಕರಿನಿಂದ ಹೊರಡಿಸುತ್ತದೆ. ಅದಕ್ಕೆ ಪಿಂಕ್ ನಾಯ್ಸ್ ಎಂದು ಹೆಸರು. ಮಂದ್ರದಿಂದ ತಾರದವರೆಗೆ ಒಂದೊಂದು ಸ್ಥಾಯಿಗೂ ಸಮನಾಗಿ ಶಕ್ತಿಯನ್ನು ಹಂಚಿದ ಸದ್ದು ಅದು. ಕಿವಿಗೆ ಆಷಾಢದ ಮಳೆ ಹೆಂಚಿನ ಮೇಲೆ ಬಿಡದೆ ಹೊಯ್ದಂತೆ ಕೇಳುತ್ತದೆ. ಕೇಳುವವನು ಕೂಡುವ ಸ್ಥಳದಲ್ಲಿ, ಅವನ ಕಿವಿಯ ಎತ್ತರಕ್ಕೆ, ದನಿಯ ಮಟ್ಟವನ್ನಳೆಯುವ ಮೀಟರನ್ನು ಹಿಡಿಯಬೇಕು. ಮೀಟರಿನಲ್ಲಿ ‘ಸಿ’ ಎಂಬ ತೂಕವನ್ನೂ ನಿಧಾನದ ಚಲನೆಯನ್ನೂ ಆರಿಸಿಕೊಂಡು, ನಮ್ಮ ಮೈಯೇ ದನಿಗೆ ಅಡ್ಡವಾಗದಂತೆ ಕೈಯನ್ನು ದೂರ ಚಾಚಿ, ಒಂದೊಂದು ಸ್ಪೀಕರಿನ ಮಟ್ಟವನ್ನೂ 75 ಡೆಸಿಬೆಲ್ಲಿಗೆ ಏರಿಸಿಯೋ ಇಳಿಸಿಯೋ ತಂದು ನಿಲ್ಲಿಸಬೇಕು. ಸ್ಪೀಕರುಗಳ ದೂರವನ್ನೂ ಯಂತ್ರಕ್ಕೆ ತಿಳಿಸಬೇಕು. ದನಿ ಒಂದು ಮೀಟರು ನಡೆಯಲು ಸೆಕೆಂಡಿನ ಸಾವಿರದ ಮೂರು ಪಾಲು ಬೇಕಾಗುವುದರಿಂದ, ಹತ್ತಿರದ್ದನ್ನು ಅಷ್ಟು ತಡೆದು ಕಳುಹಿಸಿದರೆ ಎಲ್ಲವೂ ಒಟ್ಟಿಗೆ ಬಂದು ಮುಟ್ಟುತ್ತವೆ. ಇದೆಲ್ಲವನ್ನೂ ತಾನೇ ಮಾಡಿಕೊಳ್ಳುವ ಒಂದು ಪುಟ್ಟ ಮೈಕನ್ನು ರಿಸೀವರಿನ ಜೊತೆಗೇ ಕೊಟ್ಟಿರುತ್ತಾರೆ. ಆದರೆ ಎಲ್ಲವನ್ನೂ ಯಂತ್ರವೇ ಮಾಡಿಬಿಟ್ಟರೆ ನಿವೃತ್ತನಾದ ಮನುಷ್ಯನಿಗೆ ಭಾನುವಾರದ ಮಧ್ಯಾಹ್ನ ಕಳೆಯುವುದು ಹೇಗೆ? ನಾನು ಮೀಟರನ್ನೇ ತರಿಸಿದೆನು.

ಸೋಫಾದ ನಡುವೆ ಕುಳಿತು ಅಳೆದಾಗ ಮುಂದಿನ ಎಡದ್ದು 76, ಬಲದ್ದು 75, ನಡುವಿನದು 74. ಹಿಂದಿನ ಎರಡು ಹತ್ತಿರವಿದ್ದದ್ದರಿಂದ 78 ಮತ್ತು 80. ಮೂಲೆಯ ಸಬ್‌ವೂಫರಿನ ಅಂಕ ನಿಂತಲ್ಲಿ ನಿಲ್ಲದೆ 83ರ ಆಚೀಚೆ ಓಲಾಡುತ್ತಿತ್ತು. ಮೂಲೆಯ ಎರಡು ಗೋಡೆಗಳೂ ನೆಲವೂ ಸೇರಿ ಮಂದ್ರದ ದನಿಗೆ ತುತ್ತೂರಿಯಾಗುತ್ತವೆ. ಎರಡು ಗಂಟೆಗಳ ಕಾಲ ಗುಂಡಿಯನ್ನೊತ್ತುತ್ತ, ಮತ್ತೆ ಬಂದು ಕೂಡುತ್ತ, ಕಡೆಗೆ ಎಲ್ಲವನ್ನೂ 75ಕ್ಕೆ ತಂದೆನು. ತಂಬೂರಿಯ ನಾಲ್ಕು ತಂತಿಗಳೂ ಕೂಡಿಬಂದಾಗ ಆಗುವ ಸಂತೋಷವನ್ನು ಬಲ್ಲವರಿಗೆ ನನ್ನ ಆಗಿನ ಸ್ಥಿತಿಯನ್ನು ವರ್ಣಿಸಬೇಕಾಗಿಲ್ಲ. ಆ ರಾತ್ರಿ ಒಂದು ಚಿತ್ರದಲ್ಲಿ ಮಳೆ ಹಿಡಿಯಿತು. ಮಳೆ ಟೆಲಿವಿಷನ್ನಿನಲ್ಲಿ ಬೀಳಲಿಲ್ಲ. ನಮ್ಮ ನಡುಮನೆಯ ಸುತ್ತ ಬಿತ್ತು. ಮನೆಯಾಕೆ ಎದ್ದು ಹೋಗಿ ಹಿತ್ತಿಲಿನಲ್ಲಿ ಬಟ್ಟೆ ಒಣಗಹಾಕಿದ್ದೆನೇನೋ ಎಂದು ನೋಡಿಬಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ನಾನು ಅವಳಿಂದ ಪಡೆದಿಲ್ಲ.

ನಮ್ಮ ತಾಯಿಯವರಿಗೆ ಈಗ 80 ದಾಟಿದೆ. ಸಿನಿಮಾ ಎಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ. ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂದಿತು. ಅದು ತಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂದಾಗ, ಮರಳಿನ ಮೇಲೆ ಕುಳಿತು, ಮುಂದೆ ಕೂತವರ ಪೇಟದ ಸಂದಿಯಿಂದ ಅದನ್ನು ನೋಡಿದುದನ್ನು ಅವರು ಈಗಲೂ ಹೇಳುತ್ತಾರೆ. ಆಗ ಇಡೀ ಡೇರೆಗೆ ಪರದೆಯ ಹಿಂದೆ ಒಂದೇ ಲೌಡ್‌ಸ್ಪೀಕರು. ರೀಲು ಬದಲಾಯಿಸುವಾಗಿನ ಗಲಾಟೆಯೂ ಕಡಲೆಕಾಯಿ ಮಾರುವವನ ಕೂಗೂ ಸೇರಿ, ಸುತ್ತಲಿನ ದನಿಗೆ ಕೊರತೆಯಿರಲಿಲ್ಲವೆಂದು ನಾನು ತಮಾಷೆ ಮಾಡುವುದುಂಟು.

ಹೊಸ ಯಂತ್ರ ಬಂದ ಮೊದಲ ವಾರ ತಾಯಿಯವರು ನಮ್ಮೊಡನೆ ಕೂತು ನೋಡಿದರು. ಅವರ ಸ್ಥಾನ ಸೋಫಾದಲ್ಲಲ್ಲ, ಎಡಗಡೆಯ ಬೆತ್ತದ ಕುರ್ಚಿಯಲ್ಲಿ. ಅಲ್ಲಿಂದ ಪಡಸಾಲೆಯ ಆಚೆಗಿನ ಬೀದಿಯ ಬಾಗಿಲು ಕಾಣುತ್ತದೆ. ಯಾರು ಬಂದರು, ಯಾರು ಹೋದರು ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಎರಡನೆಯ ವಾರದಿಂದ, “ನನಗೆ ನಿದ್ದೆ ಬರುತ್ತಪ್ಪ, ನೀವು ನೋಡಿ,” ಎಂದು ಎಂಟು ಗಂಟೆಗೇ ಎದ್ದು ಹೋಗತೊಡಗಿದರು. ವಯಸ್ಸಾಯಿತು, ಬೇಗ ಆಯಾಸವಾಗುತ್ತದೆ ಎಂದುಕೊಂಡೆವು. ಆದರೆ ಒಂದು ರಾತ್ರಿ ನೀರು ಕುಡಿಯಲು ಒಳಗೆ ಹೋದಾಗ, ಅವರ ಕೋಣೆಯಲ್ಲಿ ದೀಪವಾರಿಸಿ ಹಾಸಿಗೆಯ ಮೇಲೆ ಕೂತು, ಹಳೆಯ ಪುಟ್ಟ ರೇಡಿಯೋವನ್ನು ಬಲಗಿವಿಗೆ ಒತ್ತಿ ಹಿಡಿದುಕೊಂಡಿದ್ದರು. ನಿದ್ದೆ ಬಂದಿರಲಿಲ್ಲ.

ನಾನು ಆಗಲೂ ತಿಳಿದುಕೊಳ್ಳಲಿಲ್ಲ. ರೇಡಿಯೋದ ಹಳೆಯ ಅಭ್ಯಾಸ ಎಂದು ಸುಮ್ಮನಾದೆನು. ತಿಳಿದದ್ದು ಇನ್ನೊಂದು ದಿನ, ಬಲವಂತಮಾಡಿ ಅವರನ್ನು ಕೂಡಿಸಿಕೊಂಡಾಗ. ಅದೊಂದು ಹಾಸ್ಯದ ಚಿತ್ರ. ಒಂದು ಮಾತಿಗೆ ನಾವೆಲ್ಲ ನಕ್ಕೆವು, ತಾಯಿಯವರೂ ನಕ್ಕರು. ಮತ್ತೆ ನಕ್ಕೆವು, ಅವರೂ ನಕ್ಕರು. ಮೂರನೆಯ ಸಲ ನನ್ನ ದೃಷ್ಟಿ ಅಕಸ್ಮಾತ್ತಾಗಿ ಅವರ ಕಡೆಗಿತ್ತು. ಅವರು ಪರದೆಯನ್ನು ನೋಡುತ್ತಿರಲಿಲ್ಲ, ನಮ್ಮ ಮುಖಗಳನ್ನು ನೋಡುತ್ತಿದ್ದರು. ನಮ್ಮ ನಗೆ ಹೊರಟ ಅರೆಕ್ಷಣದ ಮೇಲೆ ಅವರ ನಗೆ ಹೊರಡುತ್ತಿತ್ತು. ನಾವು ಚಿತ್ರವನ್ನು ನೋಡಿ ನಗುತ್ತಿದ್ದೆವು; ಅವರು ನಮ್ಮನ್ನು ನೋಡಿ ನಗುತ್ತಿದ್ದರು. ಎಷ್ಟು ತಿಂಗಳಿಂದ, ಅಥವಾ ಎಷ್ಟು ವರ್ಷದಿಂದ ಹೀಗೆಂದು ನಾನು ಕೇಳಲಿಲ್ಲ.

“ಅಮ್ಮ, ಮಾತು ಕೇಳಿಸುತ್ತಿದೆಯೇನು?” ಎಂದೆ.

“ಕೇಳಿಸುತ್ತೆ ಕಣೋ. ಏನೋ ಅಂತಾರೆ ಅಂತ ಗೊತ್ತಾಗುತ್ತೆ. ಏನು ಅಂತಾರೆ ಅಂತ ಗೊತ್ತಾಗಲ್ಲ,” ಎಂದರು.

ವೃದ್ಧಾಪ್ಯದ ಕಿವುಡುತನವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವೈದ್ಯರೂ ನನಗೆ ಹೇಳಿಲ್ಲ. ವಯಸ್ಸಾದಂತೆ ಕಿವಿ ಕಳೆದುಕೊಳ್ಳುವುದು ಮೊದಲು ತಾರದ ದನಿಗಳನ್ನು. ಮಾತಿನ ಶಕ್ತಿಯೆಲ್ಲ ಬಹುಮಟ್ಟಿಗೆ ಸ್ವರಗಳಲ್ಲಿದೆ, ಅವು ಮಂದ್ರದ ಕಡೆಯವು. ಅರ್ಥವನ್ನು ಬಿಡಿಸಿಕೊಡುವವು ವ್ಯಂಜನಗಳು, ಅವುಗಳಲ್ಲಿಯೂ ಸಕಾರ ಶಕಾರ ತಕಾರಗಳಂಥ ಉಸಿರಿನ ದನಿಗಳು ಮೇಲಿನ ಸ್ಥಾಯಿಯವು, ಬಹಳ ಬಡವು. ಹೀಗಾಗಿ ಮಾತು ಬರುತ್ತಿದೆಯೆಂದು ತಿಳಿಯುತ್ತದೆ. ಅದು ‘ಸಾಲ’ವೋ ‘ತಾಳ’ವೋ ತಿಳಿಯದು. ಹಾಗಾದರೆ ಒಟ್ಟು ದನಿಯನ್ನೇ ಏರಿಸಿದರಾಯಿತಲ್ಲ ಎನ್ನಬಹುದು. ನಾವೂ ಹಾಗೆ ಮಾಡಿ ನೋಡಿದೆವು. ಮುಂದಿನ ದೃಶ್ಯದಲ್ಲಿ ಬಾಗಿಲು ಧಡಾರನೆ ಬಡಿದುಕೊಂಡಾಗ ತಾಯಿಯವರು ಕಿವಿ ಮುಚ್ಚಿಕೊಂಡರು. ಮುದಿಗಿವಿಯ ವಿಚಿತ್ರ ಇದು: ಮೆಲ್ಲನೆಯದು ಕೇಳಿಸದು, ಜೋರಾದದ್ದು ಮಾತ್ರ ಹರೆಯದ ಕಿವಿಗೆ ಚುಚ್ಚುವಷ್ಟೇ ಚುಚ್ಚುತ್ತದೆ. ಎರಡರ ನಡುವಿನ ಓಣಿ ವರ್ಷವರ್ಷಕ್ಕೂ ಇಕ್ಕಟ್ಟಾಗುತ್ತ ಹೋಗುತ್ತದೆ. ಶ್ರವಣಪರೀಕ್ಷೆ ಮಾಡಿಸಿದೆವು, ಕಿವಿಗೆ ಸಾಧನವೂ ಬಂದಿತು. ತಾಯಿಯವರು ಅದನ್ನು ಬಂಧುಗಳ ಮದುವೆಗೆ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಕುಂಕುಮದ ಭರಣಿಯ ಪಕ್ಕದ ಡಬ್ಬಿಯಲ್ಲಿಡುತ್ತಾರೆ. ಪಾತ್ರೆ ತೊಳೆಯುವ ಸದ್ದು ತಲೆಯೊಳಗೇ ಆಗುತ್ತದೆಂದು ಅವರ ಆಕ್ಷೇಪಣೆ. ಈ ವಿಷಯದಲ್ಲಿ ವಾದ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೀಟರನ್ನು ತೆಗೆದುಕೊಂಡು ಬೆತ್ತದ ಕುರ್ಚಿಯಲ್ಲಿ ಕುಳಿತೆನು. ಅದುವರೆಗೆ ಅಲ್ಲಿ ಕುಳಿತು ಅಳೆಯಬೇಕೆಂದು ನನಗೆ ತೋರಿರಲಿಲ್ಲ. ಸಮಮಾಡಿದ್ದೆನಲ್ಲ, 75ಕ್ಕೆ! ಅಲ್ಲಿ ಮೀಟರು ಬೇರೆ ಕಥೆಯನ್ನೇ ಹೇಳಿತು. ಹಿಂದಿನ ಎಡದ ಸ್ಪೀಕರು ಆ ಕುರ್ಚಿಗೆ ಮೂರಡಿಯಷ್ಟೇ ದೂರದಲ್ಲಿ, ತಾಯಿಯವರ ಎಡಗಿವಿಯ ಮೇಲೆಯೇ ಇತ್ತು. ಅದರ ಅಂಕ 80. ಮಾತನಾಡತಕ್ಕ ನಡುವಿನ ಸ್ಪೀಕರು 72. ಅಡ್ಡಲಾಗಿ ಮಲಗಿಸಿ ಎರಡು ಕೋನುಗಳನ್ನು ಅಕ್ಕಪಕ್ಕ ಕೂಡಿಸಿದ ಈ ಜಾತಿಯ ಸ್ಪೀಕರು ನೇರ ಎದುರಿಗಿರುವವನಿಗೆ ಚೆನ್ನಾಗಿ ಹೇಳುತ್ತದೆ. ಓರೆಗೆ ಸರಿದವನಿಗೆ ಎರಡು ಕೋನುಗಳ ದನಿಯೂ ಒಂದನ್ನೊಂದು ಕೆಲವೆಡೆ ಕೆಡಿಸಿಕೊಂಡು ಮಾತು ಕುಗ್ಗುತ್ತದೆ. ಇದರ ಮೇಲೆ ಅದು ಗೂಡಿನೊಳಗೆ ಹಿಂದಕ್ಕೆ ಸರಿದು, ನಮ್ಮ ಮೊಣಕಾಲುಗಳನ್ನು ಉದ್ದೇಶಿಸಿ ಭಾಷಣ ಮಾಡುತ್ತಿತ್ತು. ಎಂಟು ಡೆಸಿಬೆಲ್ಲಿನ ಅಂತರ. ಹತ್ತು ಡೆಸಿಬೆಲ್ ಎಂದರೆ ಕಿವಿಗೆ ಸುಮಾರು ಎರಡರಷ್ಟು ಎನ್ನುತ್ತಾರೆ. ನನ್ನ ಪ್ರಶಸ್ತಿಯ ಮಳೆ ತಾಯಿಯವರ ಪಾಲಿಗೆ ಮಾತಿನ ಮೇಲೆ ಹೊಯ್ದ ಮಳೆಯಾಗಿತ್ತು.

ಡೆಸಿಬೆಲ್ ಎಂಬ ಹೆಸರಿನ ವಿಚಾರವನ್ನು ಇಲ್ಲಿ ಹೇಳದಿರಲಾರೆ. ಅದು ‘ಬೆಲ್’ ಎಂಬ ಮಾನದ ಹತ್ತರಲ್ಲೊಂದು ಪಾಲು. 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಗೌರವಾರ್ಥವಾಗಿ ಇಟ್ಟ ಹೆಸರು. ಆ ಬೆಲ್ಲನ ತಾಯಿಗೆ ಕಿವಿ ಮಂದ. ಮಡದಿ ಮೇಬೆಲ್ ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವುಡಾದವಳು. ಬೇರೆಯವರೆಲ್ಲ ತಾಯಿಯ ಕಿವಿಗೊತ್ತುವ ನಳಿಕೆಯಲ್ಲಿ ಕೂಗುತ್ತಿದ್ದರೆ, ಬೆಲ್ ಬಾಲಕನಾಗಿದ್ದಾಗ ಅವಳ ಹಣೆಗೆ ಬಾಯಿಯನ್ನು ಸಮೀಪಿಸಿ ತಗ್ಗಿದ ದನಿಯಲ್ಲಿ ಸ್ಪಷ್ಟವಾಗಿ ಮಾತನಾಡುತ್ತಿದ್ದನೆಂದು ಅವನ ಚರಿತ್ರೆಯಲ್ಲಿ ಹೇಳಿದೆ. ಆ ಮನುಷ್ಯನ ಹೆಸರಿನ ಮಾನವನ್ನೇ ಕೈಯಲ್ಲಿ ಹಿಡಿದುಕೊಂಡು ನಾನು ಸೋಫಾದ ನಡುವೆ ಕೂತಿದ್ದೆನು.

ಎಲ್ಲಿ ಕೂತು ತೂಗಬೇಕೆಂಬ ಪ್ರಶ್ನೆ ದೊಡ್ಡವರಿಗೂ ಬಂದಿತ್ತು. 1933ರ ಏಪ್ರಿಲಿನಲ್ಲಿ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ಮೂರು ಮೈಕುಗಳಿಂದ ಹಿಡಿದು, ಮೂರು ತಂತಿಗಳ ಮೇಲೆ 200 ಕಿಲೋಮೀಟರಿಗೂ ದೂರದ ವಾಷಿಂಗ್ಟನ್ನಿಗೆ ಒಯ್ದು, ಅಲ್ಲಿಯ ಸಭಾಂಗಣದ ರಂಗದ ಮೇಲೆ ಎಡ, ನಡು, ಬಲ ಎಂದು ಮೂರು ಲೌಡ್‌ಸ್ಪೀಕರುಗಳಿಂದ ಕೇಳಿಸಿದರು. ಆ ವೃಂದದ ನಾಯಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ. ಆ ಹೊತ್ತು ಅವನು ಫಿಲಡೆಲ್ಫಿಯಾದಲ್ಲಿರಲಿಲ್ಲ. ನುಡಿಸುವವರನ್ನು ಸಹಾಯಕನ ಕೈಗೊಪ್ಪಿಸಿ, ತಾನು ವಾಷಿಂಗ್ಟನ್ನಿನ ಸಭಾಂಗಣದಲ್ಲಿ, ಕೇಳುವವರ ನಡುವೆಯೇ, ದನಿಯ ಗುಂಡಿಗಳನ್ನು ಹಿಡಿದು ಕುಳಿತಿದ್ದನು. ವೃಂದದ ನಾಯಕ ವೃಂದವನ್ನು ಬಿಟ್ಟು ಕೇಳುವವರಲ್ಲಿಗೆ ಹೋದದ್ದು ನನಗೆ ಆ ಯಂತ್ರಗಳೆಲ್ಲಕ್ಕಿಂತ ಹೆಚ್ಚು ವಿಸ್ಮಯಕರವಾಗಿ ಕಾಣುತ್ತದೆ.

ಮರುದಿನ ಕುರ್ಚಿಯನ್ನು ಸರಿಸುವ ಮಾತೆತ್ತಿದೆನು. “ಬೀದೀಬಾಗಿಲು ಕಾಣಬೇಕು,” ಎಂದರು. ಬಹಳ ಚರ್ಚೆಯ ಮೇಲೆ ಒಂದು ಮೊಳ ಸರಿಸಲು ಅನುಮತಿ ದೊರೆಯಿತು. ನಡುವಿನ ಸ್ಪೀಕರನ್ನು ಗೂಡಿನ ಅಂಚಿಗೆ ಎಳೆದು, ಕೆಳಗೆ ಒಂದು ಮರದ ಬೆಣೆಯನ್ನು ಕೊಟ್ಟು ಅದರ ಮುಖವನ್ನು ಮೇಲಕ್ಕೆತ್ತಿದೆನು. ಇದರಿಂದಲೇ ಒಂದು ಡೆಸಿಬೆಲ್ ಲಾಭ. ಮಾತಿನ ಸ್ಪಷ್ಟತೆಯ ಲಾಭ ಅಂಕಕ್ಕೆ ಸಿಕ್ಕುವುದಕ್ಕಿಂತ ಹೆಚ್ಚು. ಆಮೇಲೆ ನಡುವಿನದನ್ನು 4 ಏರಿಸಿ, ಹಿಂದಿನ ಎಡದ್ದನ್ನು 4 ಇಳಿಸಿ, ಸಬ್‌ವೂಫರನ್ನು 3 ಇಳಿಸಿದೆನು. ಮೆಲ್ಲನೆಯದನ್ನು ತುಸು ಎತ್ತಿ ಜೋರಾದದ್ದನ್ನು ತುಸು ಅದುಮುವ ಒಂದು ಏರ್ಪಾಡು ರಿಸೀವರಿನಲ್ಲಿದೆ. ಅದನ್ನು ರಾತ್ರಿಯ ಹೊತ್ತು ನೆರೆಯವರಿಗೆ ತೊಂದರೆಯಾಗದಿರಲೆಂದು ಮಾಡಿದ್ದಾರೆ. ಇಕ್ಕಟ್ಟಾದ ಓಣಿಯಲ್ಲಿ ನಡೆಯುವ ಕಿವಿಗೆ ಅದೇ ಬೇಕಾದದ್ದು; ಅದನ್ನೂ ಹಾಕಿದೆನು. ಈಗ ಬೆತ್ತದ ಕುರ್ಚಿಯಲ್ಲಿ ಮಾತು 77, ಎಡದ ಮಳೆಗಾಳಿ 74. ಸೋಫಾದ ನಡುವೆ ಮಾತು 80, ಎಡದ್ದು 71. ಯಾವ ಶಾಸ್ತ್ರಜ್ಞನಿಗೆ ತೋರಿಸಿದರೂ ತಲೆಯಲ್ಲಾಡಿಸುವ ಅಂಕಗಳು.

ನಾನು ಸಂತೋಷದಿಂದ ಇದನ್ನು ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸೋಫಾದಲ್ಲಿ ಕೂತವನಿಗೆ ಈಗ ಪಾತ್ರಗಳು ಹತ್ತಿರ ಬಂದು ಮುಖದ ಮೇಲೆ ಮಾತನಾಡುತ್ತವೆ. ಸಂಗೀತ ಅವರ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. ಹಕ್ಕಿ ಬಲಗಡೆಯಿಂದ ಹಾರಿ ಎಡಗಡೆಗೆ ಬರುವಷ್ಟರಲ್ಲಿ ಸಣ್ಣದಾಗಿಬಿಡುತ್ತದೆ. ಮಳೆ ನಮ್ಮ ನಡುಮನೆಯ ಸುತ್ತ ಬೀಳುವುದನ್ನು ನಿಲ್ಲಿಸಿದೆ. ಎರಡು ಗಂಟೆ ಗುಂಡಿಯೊತ್ತಿ ಪಡೆದದ್ದನ್ನು ಹದಿನೈದು ನಿಮಿಷದಲ್ಲಿ ಕೆಡಿಸಿಕೊಂಡೆನಲ್ಲ ಎಂದು ಈಗಲೂ ಕೆಲವು ಸಲ ಹೊಟ್ಟೆಯುರಿಯುತ್ತದೆ. ಒಬ್ಬನೇ ಇದ್ದಾಗ ಹಳೆಯ ಅಂಕಗಳನ್ನು ಹಾಕಿ ಕೇಳಿ, ತಾಯಿಯವರು ದೇವಸ್ಥಾನದಿಂದ ಬರುವ ವೇಳೆಗೆ ಮತ್ತೆ ಹೊಸದನ್ನು ಹಾಕಿಟ್ಟದ್ದೂ ಉಂಟು.

ಪರೀಕ್ಷೆಗೆಂದು ಮೊದಲು ‘ಬೇಡರ ಕಣ್ಣಪ್ಪ’ವನ್ನೇ ಹಾಕಿದೆನು. ಹಳೆಯ ಚಿತ್ರಕ್ಕೆ ದನಿಯ ದಾರಿ ಒಂದೇ. ಎಡಬಲಗಳಲ್ಲಿ ಒಂದೇ ಸಮನಾಗಿರುವುದನ್ನು ನಮ್ಮ ಯಂತ್ರ ನಡುವಿನ ಸ್ಪೀಕರಿಗೆ ತಂದುಬಿಡುವುದರಿಂದ, ಟೂರಿಂಗ್ ಟಾಕೀಸಿನಂತೆ ಅಷ್ಟೂ ಒಂದೇ ಕಡೆಯಿಂದ ಬಂದಿತು. ನರಸಿಂಹರಾಜು ಬಾಯಿ ತೆರೆಯುವುದಕ್ಕೆ ಮೊದಲೇ ತಾಯಿಯವರು ನಕ್ಕರು. ನನ್ನ ಕೆಲಸ ಗೆದ್ದಿತೆಂದು ಹಿಗ್ಗಿದೆನು. ಆಮೇಲೆ ಹೊಳೆಯಿತು, ಅವರಿಗೆ ಆ ಚಿತ್ರ ಬಾಯಿಪಾಠವೆಂದು. ನಿಜವಾದ ಪರೀಕ್ಷೆ ನಡೆದದ್ದು ಎರಡು ದಿನಗಳ ಮೇಲೆ, ಅವರು ಕಂಡಿಲ್ಲದ ಹೊಸದೊಂದು ಚಿತ್ರದಲ್ಲಿ. ಗೊಣಗುವ ನಾಯಕ ಏನೋ ಗೊಣಗಿದನು, ನನಗೇ ಅರ್ಥವಾಗಲಿಲ್ಲ. ಬೆತ್ತದ ಕುರ್ಚಿಯಿಂದ, “ಸಾಲ ತೀರಿಸಿಬಿಟ್ಟೆ ಅಂತಾನೆ, ಎಲ್ಲಿ ತೀರಿಸಿದಾನೆ? ಸುಳ್ಳು!” ಎಂದು ಕೇಳಿಬಂದಿತು. ನಾನು ಮೀಟರನ್ನು ಅದರ ಪೆಟ್ಟಿಗೆಗೆ ಹಾಕಿದೆನು.

ಮೊನ್ನೆ ರಜಕ್ಕೆ ಬೆಂಗಳೂರಿನಿಂದ ಅಣ್ಣನ ಮಗ ಬಂದಿದ್ದನು. ಎಂಜಿನಿಯರಿಂಗ್ ಓದುವ ಹುಡುಗ; ಯಂತ್ರವನ್ನು ಕಂಡರೆ ಕೈ ಸುಮ್ಮನಿರದು. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಆ ಪುಟ್ಟ ಮೈಕನ್ನು ಹುಡುಕಿ ತೆಗೆದು, ಸೋಫಾದ ನಡುವೆ ಇಟ್ಟು, ಯಂತ್ರದ ಕೈಯಿಂದಲೇ ಎಲ್ಲವನ್ನೂ ಅಳೆಯಿಸಿಬಿಟ್ಟಿದ್ದನು.

“ಚಿಕ್ಕಪ್ಪ, ನಿಮ್ಮ ಲೆವೆಲ್ಲೆಲ್ಲ ತಪ್ಪಾಗಿತ್ತು. ಸೆಂಟರು ನಾಲ್ಕೈದು ಡಿಬಿ ಹೆಚ್ಚು. ಎಲ್ಲ ಸರಿಮಾಡಿದೀನಿ,” ಎಂದನು.

ಆ ರಾತ್ರಿ ಮಳೆ ಮತ್ತೆ ನಡುಮನೆಯ ಸುತ್ತ ಬಿದ್ದಿತು, ಬಹಳ ಚೆನ್ನಾಗಿ. ಎಂಟು ಗಂಟೆಯ ಹೊತ್ತಿಗೆ ತಾಯಿಯವರು ಸೆರಗನ್ನು ಸರಿಪಡಿಸಿಕೊಂಡು, “ನನಗೆ ನಿದ್ದೆ ಬರುತ್ತಪ್ಪ,” ಎಂದು ಏಳತೊಡಗಿದರು. ನಾನು, “ಒಂದು ನಿಮಿಷ ಕೂತ್ಕೋ ಅಮ್ಮ,” ಎಂದು, ಪಂಚಾಂಗದೊಳಗೆ ಮಡಿಸಿಟ್ಟಿದ್ದ ಚೀಟಿಯನ್ನು ತಂದೆನು. ಹುಡುಗನು ಅದನ್ನು ಕೈಗೆ ತೆಗೆದುಕೊಂಡು ಅಂಕಗಳನ್ನು ಎರಡು ಸಲ ಓದಿದನು.

“ಇದು ಯಾವ ಸೀಟಿಗೆ, ಚಿಕ್ಕಪ್ಪ?” ಎಂದನು.

ತೋರಿಸಿದೆನು. ಅವನು ಎದ್ದುಹೋಗಿ ಬೆತ್ತದ ಕುರ್ಚಿಯ ಪಕ್ಕದಲ್ಲಿ, ಅಜ್ಜಿಯ ಕಿವಿಗೆ ತನ್ನ ಕಿವಿ ಸಮವಾಗುವಂತೆ ನೆಲದ ಮೇಲೆ ಮಂಡಿಯೂರಿ ಕುಳಿತು, “ಹ್ಞೂಂ, ಹಾಕಿ ಚಿಕ್ಕಪ್ಪ,” ಎಂದನು.